ಎರಡು ಬೆರಳಿಗೆ ರಜ

ನಮ್ಮ ಮಾವನಿಗೆ ಸಂಗೀತದ ಗಂಧವೇ ಇಲ್ಲ ಎಂದರೆ ಗಂಧಕ್ಕೆ ಅವಮಾನ. ನಾಪೋಕ್ಲು ಬಸ್ಸಿನ ಹಾರನ್ನೂ ಮದುವೆಮನೆಯ ವಾಲಗವೂ ಅವರ ಕಿವಿಗೆ ಒಂದೇ. ಎರಡಕ್ಕೂ ಬ್ಯಾಗೆತ್ತಿಕೊಂಡು ಏಳುತ್ತಾರೆ. ಇಂಥವರು ಲ್ಯಾಪ್‌ಟಾಪಿನಲ್ಲಿ ಗಿಟಾರ್ ಪಾಠ ಬರೆಯಲು ಕೂತರೆ, ಕಂಡವರನ್ನೆಲ್ಲ ಅಣಕಿಸುವ ನಾನು ಸುಮ್ಮನಿರುವುದುಂಟೇ?

ಮಾವ ಅಮ್ಮತ್ತಿ ಹತ್ತಿರದ ಎಸ್ಟೇಟಿನಲ್ಲಿ ರೈಟರ್, ಅಂದರೆ ಆಳುಗಳ ಹಾಜರಿ ಬರೆಯುವವರು. ಗಿಟಾರ್ ಅತ್ತೆಯದು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಬೆಲ್ಟಿಗೆ ಸಿಕ್ಕಿದ ಮೇಲೆ ಅವರ ಎಡಗೈಯ ಕೊನೆಯ ಎರಡು ಬೆರಳು ಮಡಚುವುದಿಲ್ಲ. ಅಂದಿನಿಂದ ಕೈ ಸೆರಗಿನೊಳಗೆ, ಗಿಟಾರ್ ಬೀರುವಿನ ಮೇಲೆ. ಈಗ ಅತ್ತೆ ಕುಶಾಲನಗರದ ತಮ್ಮನಿಗೆ, "ಭಾನುವಾರ ಬಂದು ತಗೊಂಡು ಹೋಗು, ನಿನ್ನ ಮಗಳಾದ್ರೂ ನುಡಿಸ್ಲಿ" ಎಂದುಬಿಟ್ಟಿದ್ದರು. ಮಾವ ಬೇಡ ಎನ್ನಲಿಲ್ಲ. ನನ್ನನ್ನು ಕರೆಸಿ, ಸ್ವರಲಿಪಿ ಬರೆಯುವ ಸಾಫ್ಟ್‌ವೇರ್ ಹಾಕಿಸಿಕೊಂಡರು.

ಹಾಡಿನ ಸಾಲಿನ ಮೇಲೆ ಕಾರ್ಡಿನ, ಅಂದರೆ ಒಟ್ಟಿಗೆ ಮೀಟುವ ಸ್ವರಗುಂಪಿನ, ಹೆಸರು ಕೊಟ್ಟರೆ ಅದು ಪುಟ್ಟದೊಂದು ಚೌಕುಳಿ ಚಿತ್ರ ಮೂಡಿಸುತ್ತದೆ. ಆರು ಗೆರೆ ಎಂದರೆ ಆರು ತಂತಿ. ಚುಕ್ಕೆ ಇದ್ದಲ್ಲಿ ಬೆರಳು. ಕೆಲವು ಗೆರೆಗಳ ನೆತ್ತಿಯ ಮೇಲೆ ಗುಣಿಸು ಗುರುತು, ಕೆಲವದರ ಮೇಲೆ ಸೊನ್ನೆ. ಮಾವ ಕನ್ನಡಕ ಏರಿಸಿ ನೋಡಿದರು.

"ಇದು ಕಾಫಿ ಪ್ಲಾಟಲ್ವೋ ಮಾರಾಯ? ಸಾಲು ಸರಿ ಉಂಟು, ಗಿಡ ಯಾಕಿಷ್ಟು ಕಮ್ಮಿ?"

ಕಮ್ಮಿ ಎಂದವರೇ ಇದ್ದ ಮೂರು ಚುಕ್ಕೆಯಲ್ಲಿ ಒಂದನ್ನು ಕಿತ್ತುಹಾಕಿದರು.

"ಮಾವ, ಇದಕ್ಕೆ ಮೂರು ಬೆರಳು ಬೇಕು. ಕಂಪ್ಯೂಟರೇ ಹೇಳ್ತಾ ಉಂಟು."

"ಕಂಪ್ಯೂಟರ್ ಪಿಕ್ಕಿಂಗ್ ಟೈಮಲ್ಲಿ ಎಸ್ಟೇಟ್ ನೋಡಿದ್ಯಾ? ಮೂರು ಆಳಿನ ಕೆಲಸ ಇಬ್ಬರ ಹತ್ರ ಮಾಡಿಸೋದು ನಂಗೆ ಕಲಿಸ್ಬೇಡ."

ಯಾವ ಚುಕ್ಕೆ ತೆಗೆದರೆ ನಡೆಯುತ್ತದೆಂದು ಫೋನಿನ ವಿಡಿಯೋಗಳಲ್ಲಿ ಮೊದಲೇ ನೋಡಿಕೊಂಡಿದ್ದರು, ಕಳ್ಳ! ಸೊಳ್ಳೆ ಹೊಡೆಯುವವರಂತೆ ಬೆರಳೆತ್ತಿ ಮೌಸ್ ಒತ್ತುವ ಅವರನ್ನು ನಾನು ಎದುರಲ್ಲೇ ಅಣಕಿಸಿದೆ. "ಕೈ ಇನ್ನೂ ಸ್ವಲ್ಪ ಮೇಲೆ ಹೋಗ್ಬೇಕು" ಎಂದು ನನ್ನ ಅಣಕವನ್ನೇ ತಿದ್ದಿದರು. ಇಂಥವರನ್ನು ಗೇಲಿ ಮಾಡಿ ನಾನು ಹೇಗೆ ಉದ್ಧಾರವಾಗಲಿ?

ಭಾನುವಾರ ಅತ್ತೆಯ ತಮ್ಮನ ಜೀಪು ಬಂತು. ಮಾವ ಅತ್ತೆಯ ಮುಂದೆ ಪ್ರಿಂಟ್ ಹಾಕಿಸಿದ ಪಾಠದ ಹಾಳೆ ಇಟ್ಟರು. ಅತ್ತೆ ತುಂಬಾ ಹೊತ್ತು ನೋಡಿ, ಗಿಟಾರ್ ಇಳಿಸಿ, ಶ್ರುತಿ ಮಾಡಿ, ಹಾಳೆಯಲ್ಲಿದ್ದ ಹಾಗೇ ಒಮ್ಮೆ ಮೀಟಿದರು. ಹೊರಗೆ ನಾಯಿ ಎದ್ದು ಹೋಯಿತು.

"ರೀ, ಈ ಗುಣಿಸು ಗುರುತು ಎಂಥಕ್ಕೆ?"

"ಆ ತಂತಿ ಹಾಜರು ಅಂತ. ಸೊನ್ನೆ ಅಂದ್ರೆ ಗೈರು. ನಮ್ಮ ಹಾಜರಿ ಮಸ್ಟರಲ್ಲಿ ಹಾಗೇ ಅಲ್ವಾ?"

ಗಿಟಾರಿನವರ ಲೆಕ್ಕದಲ್ಲಿ ಅದು ಪೂರಾ ಉಲ್ಟಾ: ಗುಣಿಸು ಇದ್ದ ತಂತಿ ಮುಟ್ಟಬಾರದು, ಸೊನ್ನೆ ಇದ್ದದ್ದನ್ನು ಬೆರಳಿಂದ ಒತ್ತದೆ ಹಾಗೇ ಮೀಟಬೇಕು. ಸಾಫ್ಟ್‌ವೇರ್ ಸರಿಯಾಗೇ ಹಾಕಿದ್ದನ್ನು ಮಾವ ಒಂದೊಂದಾಗಿ ತಿದ್ದಿದ್ದರು.

"ಬರಬೇಕಾದವ್ರಿಗೆಲ್ಲ ರಜ ಕೊಟ್ಟು ಬರಬಾರದವ್ರನ್ನ ಕರೆಸಿದ್ದೀರಲ್ರೀ" ಎಂದು ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪೆನ್ನಿನಿಂದ ಗುರುತುಗಳನ್ನು ಅದಲುಬದಲು ಮಾಡಿ ಮತ್ತೆ ಮೀಟಿದರು. ಈ ಸಲ ಹಾಡು ಬಂತು. ಮಡಚದ ಎರಡು ಬೆರಳು ಎಲ್ಲರ ಕಣ್ಣೆದುರೇ ನೆಟ್ಟಗೆ ನಿಂತಿದ್ದವು. ಅವಕ್ಕೆ ಸೆರಗಿನ ನೆನಪೇ ಬರಲಿಲ್ಲ.

"ಆ ಇಬ್ಬರಿಗೆ ಸಂಬಳ ಸಮೇತ ರಜ" ಎಂದರು ಮಾವ, ಮೆಲ್ಲಗೆ.

ಊಟವಾದ ಮೇಲೆ ತಮ್ಮ, "ಭಾವ, ಗಿಟಾರ್ ಜೀಪಿಗೆ ಇಡ್ಲಾ?" ಎಂದ. ಮಾವ ಒಂದು ಹಲಸಿನಹಣ್ಣು ತಂದು ಅವನ ಕೈಗಿಟ್ಟರು.

ಊರಲ್ಲಿ ನಾನು ಅಣಕಿಸದವರಿಲ್ಲ. ಅತ್ತೆ ನುಡಿಸುವಾಗ, ತಾಳ ತಪ್ಪಿ ತಲೆದೂಗುತ್ತಿದ್ದ ಮಾವನ ಆ ಮುಖವೊಂದು ಮಾತ್ರ ಕನ್ನಡಿ ಮುಂದೆ ಎಷ್ಟು ಹೆಣಗಿದರೂ ನನಗೆ ಬರುತ್ತಿಲ್ಲ.