ಗಡಿ ದಾಟಿದರೆ ಮುತ್ತೈದೆ

ನಮ್ಮ ಸೋದರತ್ತೆ ಕೊಳ್ಳೇಗಾಲದಲ್ಲಿ ವಿಧವೆ, ಯಳಂದೂರಿನಲ್ಲಿ ಮುತ್ತೈದೆ! ತಮಾಷೆಗೆ ಹೇಳುತ್ತಿದ್ದೇನೆ ಅಂದುಕೊಂಡಿರಾ? ಅವಳ ಎರಡೂ ಅವಸ್ಥೆಗಳನ್ನು ಒಂದೇ ದಿನದಲ್ಲಿ, ಒಂದೇ ಸೀರೆಯಲ್ಲಿ ಕಣ್ಣಾರೆ ಕಂಡವನು ನಾನು. ಬೆಳಿಗ್ಗೆ ಹಣೆತುಂಬ ಕುಂಕುಮ, ಕೈತುಂಬ ಬಳೆ. ಮಧ್ಯಾಹ್ನ ಬೋಳು ಹಣೆ, ಬರಿಗೈ. ಸಾಯಂಕಾಲ ಮತ್ತೆ ಯಥಾಪ್ರಕಾರ! ನಡುವೆ ಯಾರೂ ಸತ್ತಿರುತ್ತಿರಲಿಲ್ಲ.

ಇದಕ್ಕೆ ಕಾರಣ ನಮ್ಮತ್ತೆಯಲ್ಲ, ಸರ್ಕಾರ. ಅದೂ ಒಂದಲ್ಲ, ಎರಡು. ಆಗ ಕೊಳ್ಳೇಗಾಲ ಮದರಾಸಿಗೆ ಸೇರಿತ್ತು. ಬೆಳಿಗ್ಗೆ ಗಾಡಿ ಕಟ್ಟಿದರೆ ಮಧ್ಯಾಹ್ನದೊಳಗೆ ಸಿಗುವ ಯಳಂದೂರು ಮೈಸೂರಿಗೆ ಸೇರಿತ್ತು. ಅತ್ತೆಯ ಮೊದಲ ಗಂಡ ಕೊಳ್ಳೇಗಾಲದ ಪಕ್ಕದ ಧನಗೆರೆಯವನು. ಪಟಾಲಮ್ಮಿಗೆ ಸೇರಿ ಬರ್ಮಾ ಯುದ್ಧಕ್ಕೆ ಹೋದವನು ಹಿಂದಿರುಗಲಿಲ್ಲ. ಅವನ ಬದಲಿಗೆ ಪಿಂಚಣಿ ಬಂತು. ಮನೆಯಲ್ಲಿ ಉಳಿದವರು ನಮ್ಮತ್ತೆ ಮತ್ತು ನಮ್ಮತ್ತೆಯ ಅತ್ತೆ. ಈ ಮುದುಕಿಯನ್ನು ಅಜ್ಜಿ ಎಂದೇ ಕರೆಯೋಣ, ಇಲ್ಲದಿದ್ದರೆ ಅತ್ತೆ ಅತ್ತೆ ಎನ್ನುತ್ತ ನಾನೂ ನೀವೂ ದಾರಿ ತಪ್ಪುತ್ತೇವೆ.

ಅಜ್ಜಿಗೆ ಹೊಲವಿಲ್ಲ, ಬೇರೆ ಮಕ್ಕಳಿಲ್ಲ, ಕಣ್ಣೂ ಮಂಜು. ಸೊಸೆಗೆ ಬರುತ್ತಿದ್ದ ಪಿಂಚಣಿಯೇ ಅವಳ ಹಿಟ್ಟು, ಉಪ್ಪು, ಹೊಗೆಸೊಪ್ಪು. ಆದರೆ ಸರ್ಕಾರದ ಷರತ್ತು ನೋಡಿ: ಸೊಸೆ ವಿಧವೆಯಾಗಿಯೇ ಇರಬೇಕು, ಮರುಮದುವೆಯಾದಳೋ, ಪಿಂಚಣಿ ಬಂದ್! ನಮ್ಮ ಬೀದಿಯಲ್ಲೇ ಒಬ್ಬ ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಇದ್ದ. ಪಿಂಚಣಿ ಶುರುವಾದ ಮೇಲೆಯೇ ಇನ್ನೆರಡು ಮದುವೆಯಾದ. "ಏನಯ್ಯಾ, ನಿನ್ನ ಹಣೆಯಲ್ಲಿ ಗಂಧ ಜಾಸ್ತಿ ಕಾಣುತ್ತಿದೆಯಲ್ಲ" ಎಂದು ಯಾವ ಆಫೀಸಿನವರಾದರೂ ಅವನನ್ನು ಕೇಳಿದರೇ? ಅವನ ಪಿಂಚಣಿ ಪ್ರತಿ ತಿಂಗಳೂ ತಪ್ಪದೆ ಬರುತ್ತಿತ್ತು.

ಹೀಗಿರುವಾಗ ಅಜ್ಜಿಯೇ ಮುಂದೆ ನಿಂತು ಸೊಸೆಗೆ ಕೂಡಿಕೆ ಮಾಡಿಸಿಬಿಟ್ಟಳು! ಗಂಡ ಸತ್ತವಳಿಗೆ ಇನ್ನೊಂದು ಮನೆ ಮಾಡಿಕೊಡುವ ನಮ್ಮ ಕಡೆಯ ಕ್ರಮ ಅದು. ಪುರೋಹಿತರಿಲ್ಲ, ಓಲಗವಿಲ್ಲ, ಒಂದು ಸೀರೆ, ಎಲೆ ಅಡಿಕೆ, ನಾಲ್ಕು ಜನ ಹಿರಿಯರು, ಮುಗಿಯಿತು. ಗಂಡು ಯಳಂದೂರಿನವನು. ಬಿಳಿಗಿರಿರಂಗನ ಬೆಟ್ಟದಿಂದ ಬಿದಿರು ಸಾಗಿಸುವ ಗಾಡಿಯವನು. ಅವನು ಮಾತಾಡುತ್ತಿದ್ದದ್ದು ಎತ್ತುಗಳ ಜೊತೆ ಮಾತ್ರ. ನಮ್ಮತ್ತೆಗೋ ಮನುಷ್ಯರು ಸಾಲದೆ ಎತ್ತುಗಳೂ ಮಾತಿಗೆ ಬೇಕು. ಇಬ್ಬರಿಗೂ ಚೆನ್ನಾಗಿ ಹೊಂದಿತು.

ನಾನು ಆಗ ಕೊಳ್ಳೇಗಾಲದ ಜವಳಿ ಅಂಗಡಿಯೊಂದರಲ್ಲಿ ಗುಮಾಸ್ತ. ನಾಲ್ಕಕ್ಷರ ಕಲಿತವನೆಂಬ ಗರ್ವದಲ್ಲಿ ಅತ್ತೆಯನ್ನು ಒಮ್ಮೆ ಕೇಳಿದೆ, "ಅಲ್ಲತ್ತೆ, ಇದು ತಪ್ಪಲ್ವಾ?"

"ಏನ್ಲಾ ತಪ್ಪು? ಮದರಾಸ್ ಕಡೆ ಗಂಡ ಸತ್ತೋದ, ಮದರಾಸ್ನೋರು ಕೊಡ್ತಾವ್ರೆ. ಮೈಸೂರ್ ಕಡೆ ಗಂಡ ಬದುಕವ್ನೆ. ಮೈಸೂರ್ನೋರ್ ತಾವ ನಾನೇನಾರ ಒಂದು ಕಾಸು ಕೇಳಿದ್ನಾ?"

ಇದಕ್ಕೆ ಉತ್ತರ ನಿಮಗೇನಾದರೂ ಹೊಳೆಯಿತೇ?

ಪ್ರತಿ ತಿಂಗಳೂ ಅವಳ ಕ್ರಮ ಒಂದೇ. ಯಳಂದೂರಿನಿಂದ ಹೊರಟು ಗಡಿಯ ಗೇಟಿನ ಹತ್ತಿರದ ಬಾವಿಯಲ್ಲಿ ಮುಖ ತೊಳೆದು, ಬಳೆ ಬಿಚ್ಚಿ, ಗಂಟು ಕಟ್ಟಿ, ಮದರಾಸ್ ಪ್ರಾಂತ್ಯಕ್ಕೆ ಕಾಲಿಡುವಳು. ಕೊಳ್ಳೇಗಾಲದಲ್ಲಿ ಪಿಂಚಣಿ ತೆಗೆದುಕೊಂಡು, ಧನಗೆರೆಗೆ ಹೋಗಿ ಅಜ್ಜಿಯ ಮಡಕೆ ತುಂಬಿಸಿ, ತಲೆ ಬಾಚಿ, ಜಗಳವಾಡಿ ವಾಪಸ್ಸು. ಅದು ಅಕ್ಕಿ ಕಂಟ್ರೋಲಿನ ಕಾಲ. ಗಡಿಯಾಚೆ ಒಂದು ಹಿಡಿ ಅಕ್ಕಿ ಒಯ್ಯುವಂತಿರಲಿಲ್ಲ. ಒಂದು ದಿನ ಗೇಟಿಗೆ ಹೊಸ ಜವಾನ ಬಂದಿದ್ದ. ಅತ್ತೆಯ ಗಂಟು ಕಂಡದ್ದೇ ಕಳ್ಳಮಾಲು ಸಿಕ್ಕಿತೆಂದು ಕುಣಿದಾಡಿದ.

"ಬಿಚ್ಚಮ್ಮ ಗಂಟ!"

ಬಿಚ್ಚಿದಳು. ಒಳಗೆ ಒಂದು ಕೈ ಹಸಿರು ಬಳೆ, ಕುಂಕುಮದ ಭರಣಿ, ಒಂದು ಮೊಳ ಕನಕಾಂಬರ!

"ಯಾರ್ದಿದು?"

"ನಂದೇ ಕಣಪ್ಪ. ವಾಪಸ್ ಬತ್ತಾ ಆಕ್ಕೊತೀನಿ. ಇದ್ಕೂ ಕಂಟ್ರೋಲ್ ಬಂದದಾ?"

ಜವಾನ ಪಾಪ, ತನ್ನ ರೂಲುಗಳನ್ನೆಲ್ಲ ನೆನಪು ಮಾಡಿಕೊಂಡ. ಮುತ್ತೈದೆತನವನ್ನು ಸಾಗಿಸಬಾರದೆಂದು ಎಲ್ಲಿಯೂ ಇರಲಿಲ್ಲ. ಬಿಟ್ಟುಬಿಟ್ಟ.

ಇನ್ನೊಂದು ಸಲ ಆದದ್ದೇ ಬೇರೆ. ವಾಪಸ್ಸು ಬರುವಾಗ ದಾರಿಯಲ್ಲಿ ಯಾರ ಜೊತೆಯೋ ಮಾತಿಗೆ ಬಿದ್ದು ಬಳೆ ತೊಡುವುದನ್ನೇ ಮರೆತು ಯಳಂದೂರಿನ ಬೀದಿಗೆ ಬಂದುಬಿಟ್ಟಳು. ಬೋಳು ಹಣೆ, ಬರಿಗೈ! ಅಕ್ಕಪಕ್ಕದ ಹೆಂಗಸರು ನೋಡಿದರು. ಗಾಡಿಯವನು ಬೆಟ್ಟಕ್ಕೆ ಹೋಗಿದ್ದ. ಆನೆಯೋ ಹುಲಿಯೋ, ಏನೋ ಆಗಿಹೋಯಿತೆಂದು ಎದೆ ಬಡಿದುಕೊಂಡು ಗೋಳಾಡತೊಡಗಿದರು. ಅತ್ತೆಗೂ ಏನೆಂದು ತಿಳಿಯದು. ಆದರೂ ಎಲ್ಲರೂ ಅಳುವಾಗ ಸುಮ್ಮನಿದ್ದರೆ ಚೆನ್ನಾಗಿರದೆಂದು ತಾನೂ ದನಿ ಸೇರಿಸಿದಳು! ಆ ಹೊತ್ತಿಗೆ ಸರಿಯಾಗಿ ಗಾಡಿಯವನು ಬೆಟ್ಟ ಇಳಿದು ಬಂದ. ಗುಂಪು ನೋಡಿ ಗಾಬರಿಯಾಗಿ ಅವನು ಬಾಯಿ ಬಿಟ್ಟು ಕೇಳಿದ್ದು ಒಂದೇ ಮಾತು.

"ಯಾರ್ ಓಗ್ಬುಟ್ರು?"

"ನೀನೇ ಕಣ್ಲಾ!" ಎಂದಳು ಒಬ್ಬಳು, ಕಣ್ಣೊರೆಸಿಕೊಳ್ಳುತ್ತಾ.

ಅವನು "ಓ" ಎಂದು ಎತ್ತುಗಳಿಗೆ ನೀರು ಕುಡಿಸಲು ಹೋದ.

ಹೀಗೆ ಸುಖವಾಗಿ ಸಾಗಿದ್ದ ವ್ಯವಹಾರದಲ್ಲಿ ಅತ್ತೆ ಬಸುರಿಯಾದಳು. ಬಳೆಯನ್ನು ಬಿಚ್ಚಿ ಗಂಟು ಕಟ್ಟಬಹುದು. ಹೊಟ್ಟೆಯನ್ನು ಯಾವ ಗಂಟಿಗೆ ಕಟ್ಟುವುದು? ಅದೇ ಸಮಯಕ್ಕೆ ಹನೂರಿನಲ್ಲಿದ್ದ ಮೊದಲ ಗಂಡನ ದಾಯಾದಿಯೊಬ್ಬ ಸರ್ಕಾರಕ್ಕೆ ಮೂಗರ್ಜಿ ಹಾಕಿದ. ವಿಚಾರಣೆಗೆ ರೆವಿನ್ಯೂ ಇನ್‌ಸ್ಪೆಕ್ಟರು ಧನಗೆರೆಗೆ ಬರುತ್ತಾರೆಂದು ಸುದ್ದಿ ಬಂತು.

ಅತ್ತೆ ಹೆದರಿದಳೇ? ನಾಟಕದ ಪ್ರಾಕ್ಟೀಸು ಇಟ್ಟಳು! ತಾನು ಚಳಿಜ್ವರವೆಂದು ಕಂಬಳಿ ಹೊದ್ದು ಮೂಲೆಯಲ್ಲಿ ಕೂರುವುದು. ಅಜ್ಜಿ ಅಳುತ್ತ "ನನ್ ಸೊಸೆ ಮುಂಡೆ ಕಣ್ಸಾ, ದಿಕ್ಕಿಲ್ದೋಳು" ಎನ್ನುವುದು. ಇನ್‌ಸ್ಪೆಕ್ಟರ ಪಾತ್ರ ನನ್ನದು. ಅಜ್ಜಿ ಎಷ್ಟು ಚೆನ್ನಾಗಿ ಅತ್ತಳೆಂದರೆ, ಪ್ರಾಕ್ಟೀಸಿನಲ್ಲೇ ನಾನು ಪಿಂಚಣಿ ಮಂಜೂರು ಮಾಡಿಬಿಟ್ಟೆ!

ಇನ್‌ಸ್ಪೆಕ್ಟರು ಬಂದರು. ಕೊಯಮತ್ತೂರಿನ ಕಡೆಯವರು, ತಮಿಳು ಬೆರೆಸಿದ ಮೆದು ಕನ್ನಡ. ಅತ್ತೆಯನ್ನು ಕರೆತಂದಿದ್ದ ಗಾಡಿಯವನಿಗೆ ಒಳಗೆ ಬರಕೂಡದೆಂದು ಕಟ್ಟಪ್ಪಣೆಯಾಗಿತ್ತು. ಬೀದಿಯಲ್ಲಿ ಎತ್ತುಗಳ ಪಕ್ಕ ನಿಂತಿದ್ದ. ಇನ್‌ಸ್ಪೆಕ್ಟರು ಕಂಬಳಿಯನ್ನು ನೋಡಿದರು, ಕಂಬಳಿಯೊಳಗಿನ ಹೊಟ್ಟೆಯನ್ನೂ ನೋಡಿದರು. ಮನೆಯಲ್ಲಿ ಹೆಂಡತಿ ಮಕ್ಕಳಿರುವವರಿಗೆ ಬಸುರಿ ಯಾರೆಂದು ಗೊತ್ತಾಗದೇ!

"ನೋಡಮ್ಮಾ," ಎಂದರು ಗದರದೆ. "ಮರುಮದುವೆ ಆಗಿಲ್ಲ ಅಂತ ನೀ ಸೊಲ್ಲಿದ್ರೆ ನಾನ್ ಅಪ್ಪಡಿಯೇ ಬರೀತೀನಿ. ಪೆನ್ಷನ್ ನಿಲ್ಲಲ್ಲ. ಆದ್ರೆ ಹುಟ್ಟೋ ಮಗುಗೆ ಅಪ್ಪ ಇಲ್ಲಾಂತ ಸೇರ್ಸಿ ಬರೀಬೇಕಾಗುತ್ತೆ. ಸರಿಯಾ?"

ಈ ಪ್ರಶ್ನೆ ನಮ್ಮ ಪ್ರಾಕ್ಟೀಸಿನಲ್ಲಿ ಇರಲಿಲ್ಲ. ಅತ್ತೆ ಬೀದಿಯ ಕಡೆ ಒಮ್ಮೆ ನೋಡಿದಳು, ಅಜ್ಜಿಯ ಕಡೆ ಒಮ್ಮೆ ನೋಡಿದಳು. ಆಮೇಲೆ ತಲೆ ತಗ್ಗಿಸಿದಳು.

"ಬರ್ಕಳಿ ಸಾ. ಈವಮ್ಮ ಉಣ್ಬೇಕಲ್ಲ."

ಇನ್‌ಸ್ಪೆಕ್ಟರು ಪೆನ್ನಿನ ಮುಚ್ಚಳ ತೆಗೆದರು.

"ಬರೀಬ್ಯಾಡಿ!"

ಅಜ್ಜಿ ಗೋಡೆ ಹಿಡಿದು ಎದ್ದು ನಿಂತಿದ್ದಳು. ನಾವು ಕಲಿಸಿದ ಅಳು ಒಂದು ಹನಿಯೂ ಇರಲಿಲ್ಲ. "ನನ್ ಸೊಸೆ ಮುತ್ತೈದೆ ಕಣ್ಸಾ. ನಾನೇ ಸೀರೆ ಕೊಟ್ಟು ಕಳ್ಸಿದ್ದು. ಗಂಡ ಅಗೋ, ಬೀದೀಲಿ ನಿಂತವ್ನೆ. ಅದ್ನ ಬರ್ಕಳಿ. ಈ ಕೂಸ್ಗೆ ಅಪ್ಪ ಇಲ್ಲ ಅಂತ ಬರ್ಸಿ, ಆ ಅನ್ನ ನನ್ ಗಂಟ್ಲಲ್ಲಿ ಇಳ್ದದಾ?"

"ಪಾಟಿ, ಪೆನ್ಷನ್ ನಿಂತೋಗುತ್ತೆ," ಎಂದರು ಇನ್‌ಸ್ಪೆಕ್ಟರು, ಅಜ್ಜಿಯನ್ನು ತಮ್ಮ ತಮಿಳಿನಲ್ಲೇ ಕರೆದು.

"ನಿಂತೋಗ್ಲಿ ಸಾ. ನಾನೆಷ್ಟು ದಿನ ಉಂಡೇನು?"

ಅವರು ಬರೆದುಕೊಂಡರು. ಏಳುವಾಗ ಅಜ್ಜಿಗೆ ಕೈಮುಗಿದು ಹೋದರು. ಆಗ ಗಾಡಿಯವನು ಯಾರ ಅಪ್ಪಣೆಯನ್ನೂ ಕೇಳದೆ ಒಳಗೆ ಬಂದ. ಮೂಲೆಯಲ್ಲಿದ್ದ ಅಜ್ಜಿಯ ಚಾಪೆ ಸುತ್ತಿದ, ಮಡಕೆ ಎತ್ತಿಕೊಂಡ.

"ನಡಿಯವ್ವ," ಎಂದ.

"ಎಲ್ಲಿಗ್ಲಾ?"

"ಮನ್ಗೆ."

ಅಜ್ಜಿ ಕದಲಲಿಲ್ಲ. ಸತ್ತ ಮಗನ ಹೆಂಡತಿಯ ಗಂಡ! ಅವನ ಮನೆಗೆ ಯಾವ ಮುಖ ಹೊತ್ತು ಹೋಗುವುದು? ಗೋಡೆ ಹಿಡಿದೇ ಕೇಳಿದಳು, "ನಿನ್ ಮನೇಲಿ ನಾನ್ ಯಾರು ಅಂತ ಇರ್‍ಲಪ್ಪ?"

ಎತ್ತುಗಳನ್ನು ಬಿಟ್ಟರೆ ಯಾರೊಡನೆಯೂ ಎರಡು ಮಾತಾಡದ ಮನುಷ್ಯ ಮಡಕೆಯನ್ನು ಕೆಳಗಿಡದೆಯೇ ಹೇಳಿದ, "ಕೂಸ್ಗೆ ಅಪ್ಪ ಬೇಕು ಅಂತ ನೀನೇ ಅಂದ್ಯಲ್ಲವ್ವ. ಅಜ್ಜಿ ಬ್ಯಾಡ್ವಾ?"

ಎಲ್ಲದಕ್ಕೂ ನಾಲಿಗೆ ತುದಿಯಲ್ಲಿ ಉತ್ತರವಿಟ್ಟುಕೊಂಡಿದ್ದ ನಮ್ಮತ್ತೆ ಅಜ್ಜಿಯ ಸೆರಗಿನಲ್ಲಿ ಮುಖವಿಟ್ಟು ಜೋರಾಗಿ ಅತ್ತುಬಿಟ್ಟಳು. ಅಜ್ಜಿ ಬಗ್ಗಿ ತಡವಿ ತಡವಿ ಅವಳ ಬೋಳು ಹಣೆಯನ್ನು ಹುಡುಕಿ, ಒಲೆಯ ಪಕ್ಕದ ಗೂಡಿನಲ್ಲಿದ್ದ ದೇವರ ಕುಂಕುಮ ತರಲು ನನಗೆ ಹೇಳಿದಳು. ಮದರಾಸ್ ಪ್ರಾಂತ್ಯದಲ್ಲಿ, ಧನಗೆರೆಯ ಆ ಮನೆಯಲ್ಲೇ, ಅವಳ ಕೈಯಿಂದ ಸೊಸೆಯ ಹಣೆಗೆ ಕುಂಕುಮ ಬಿತ್ತು.