ತಾಳಕ್ಕೊಂದು ಹಸಿರು ಸಿಗ್ನಲ್

ನಿವೃತ್ತನಾದ ಗಂಡಸಿಗೆ ಮನೆಯಲ್ಲಿ ಬೆಲೆ ಇರುವುದಿಲ್ಲ ಎನ್ನುತ್ತಾರೆ. ನನ್ನ ವಿಷಯದಲ್ಲಿ ಅದು ತಿರುವುಮುರುವಾಗಿತ್ತು. ಅಜ್ಜಂಪುರದಲ್ಲಿ ಸ್ಟೇಷನ್ ಮಾಸ್ಟರ್ ಕೆಲಸ ಮುಗಿಸಿ ಕಡೂರಿಗೆ ಬಂದು ಕೂತ ಮೇಲೆ, ನಾನು ಏನು ಹೇಳಿದರೂ ನನ್ನ ಹೆಂಡತಿ ವನಜಾ ಎದುರಾಡದೆ 'ಹೂಂ' ಎನ್ನುತ್ತಿದ್ದಳು. ಮೊದಲೆಲ್ಲ ನನ್ನ ಒಂದು ಮಾತಿಗೆ ಎರಡು ಕೊಡುತ್ತಿದ್ದವಳು. ವಯಸ್ಸಾದಂತೆ ನನ್ನ ಮಾತಿಗೆ ತೂಕ ಬಂದಿರಬೇಕು ಎಂದು ಒಳಗೊಳಗೇ ಬೀಗುತ್ತಿದ್ದೆ.

ವನಜಾ ಮನೆಯಲ್ಲಿ ಹೆಂಗಸರಿಗೆ ದೇವರನಾಮ ಹೇಳಿಕೊಡುತ್ತಾಳೆ. ಅದಿಲ್ಲದ ದಿನ ಅವಳಿಗೆ ಊಟ ಸೇರುವುದಿಲ್ಲ. ಅದಕ್ಕೊಂದು ಎಲೆಕ್ಟ್ರಾನಿಕ್ ತಾಳದ ಯಂತ್ರವಿದೆ. ಮೊದಲ ಏಟಿಗೆ ಟಣ್ ಎಂದು ಕೆಂಪು ದೀಪ, ಮಿಕ್ಕ ಏಟುಗಳಿಗೆ ಟಕ್ ಟಕ್ ಎಂದು ಹಸಿರು. ಜೀವಮಾನವಿಡೀ ಸಿಗ್ನಲ್ ಕಾದವನು ಇದನ್ನು ಹೇಗೆ ಸಹಿಸಿಕೊಳ್ಳಲಿ? ಹೊರಡುವ ಜಾಗದಲ್ಲೇ ಕೆಂಪು ತೋರಿಸಿದರೆ ಯಾವ ಗಾಡಿ ಹೊರಟೀತು? ದೀಪಗಳನ್ನು ಅದಲುಬದಲು ಮಾಡಿಸಲೇ ಎಂದು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದೆ. ರೊಟ್ಟಿ ತಟ್ಟುತ್ತಿದ್ದವಳು ತಿರುಗಿ ನೋಡದೆ 'ಹೂಂ' ಎಂದಳು. ತರೀಕೆರೆಯ ರಿಪೇರಿ ಅಂಗಡಿಯವನು ಮೇಡಂ ಒಪ್ಪಿದ್ದಾರಾ ಎಂದು ವಿಚಾರಿಸಿದಾಗ ಎದೆಯುಬ್ಬಿಸಿ ಹೌದೆಂದೆ. ಅವನು ಟಣ್‌ಗೆ ಹಸಿರು, ಟಕ್‌ಗೆ ಕೆಂಪು ಬರುವಂತೆ ಮಾಡಿಕೊಟ್ಟ.

ಮಾರನೆಯ ಸಂಜೆ ಪಾಠಕ್ಕೆ ಹೆಂಗಸರು ಬಂದರು. ನಾನು ಯಂತ್ರ ಹಾಕಿ, ಮೆಚ್ಚುಗೆಯ ಮಾತಿಗೆ ಕಾಯುತ್ತ ಬಾಗಿಲ ಬಳಿ ನಿಂತೆ. ವನಜಾ ಕೆಂಪು ಮಿನುಗಿದೊಡನೆ ಹಾಡು ಎತ್ತಿದಳು, ತಾಳ ತಪ್ಪಿತು. ಮತ್ತೊಂದು ಕೆಂಪಿಗೆ ಎತ್ತಿದಳು, ಮತ್ತೆ ತಪ್ಪಿತು. ಯಗಟಿಯಿಂದ ಬಸ್ಸಿನಲ್ಲಿ ಬರುವ ಲಲಿತಾ ಮೆಲ್ಲಗೆ, "ಅಕ್ಕಾ, ಟಣ್ ಅಂತ ಅಷ್ಟು ಜೋರಾಗಿ ಕೇಳ್ತೈತಲ್ಲ" ಎಂದಳು. ವನಜಾ ಅವಳ ತುಟಿಯನ್ನೇ ದಿಟ್ಟಿಸುತ್ತಿದ್ದಳು. ಆಮೇಲೆ ನನ್ನತ್ತ ತಿರುಗಿದಳು. ಅಂಥ ಹೆದರಿದ ಮುಖವನ್ನು ನಾನು ಅವಳಲ್ಲಿ ಕಂಡಿರಲಿಲ್ಲ. ತಲೆನೋವೆಂದು ಹೇಳಿ ಪಾಠ ನಿಲ್ಲಿಸಿದಳು.

ಎಲ್ಲರೂ ಹೋದ ಮೇಲೆ ನಿಜ ಹೇಳಿದಳು. ನಾನು ನಿವೃತ್ತನಾಗುವ ಹೊತ್ತಿಗೇ ಅವಳ ಕಿವಿ ಮಂದವಾಗತೊಡಗಿತ್ತಂತೆ. ರಾಗ ಗಂಟಲಿಗೆ ರೂಢಿಯಾಗಿತ್ತು. ತಾಳಕ್ಕೆ ಆ ಕೆಂಪು ದೀಪವೊಂದೇ ಗತಿ.

"ಗೊತ್ತಾದ್ರೆ ಕಿವುಡಿ ಹತ್ರ ಹಾಡು ಕಲಿಯಾಕೆ ಯಾರ್ರೀ ಬತ್ತಾರೆ?" ಎಂದು ಅತ್ತಳು.

ನನಗೂ ದುಃಖ ಒತ್ತಿಬಂತು. ದೀಪವನ್ನು ಮೊದಲಿನಂತೆ ಮಾಡಿಸುತ್ತೇನೆ, ಡಾಕ್ಟರ ಬಳಿ ಹೋಗೋಣ ಎಂದು ಅವಳ ಕಿವಿಯ ಹತ್ತಿರ ಕೂಗಿ ಹೇಳಿದೆ. ಹೇಳುತ್ತಿದ್ದಂತೆ ಒಂದು ಸಂಶಯ ಬಂತು. ಇಂಥ ಹೊತ್ತಿನಲ್ಲಿ ಕೇಳಬಾರದಿತ್ತು. ಆದರೂ ತಡೆಯಲಾಗದೆ, ಹಾಗಾದರೆ ಇಷ್ಟು ದಿನ ನನ್ನ ಮಾತಿಗೆಲ್ಲ ಒಪ್ಪಿದ್ದು ಕೇಳಿಸದೆಯೇ ಎಂದು ತಗ್ಗಿದ ದನಿಯಲ್ಲಿ ಕೇಳಿಬಿಟ್ಟೆ.

ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ 'ಹೂಂ' ಎಂದಳು. ಅದು ನನ್ನ ಪ್ರಶ್ನೆಗೆ ಕೊಟ್ಟ ಉತ್ತರವೋ, ಎಂದಿನ 'ಹೂಂ' ಮಾತ್ರವೋ ತಿಳಿಯಲಿಲ್ಲ. ಮತ್ತೊಮ್ಮೆ ಗಟ್ಟಿಯಾಗಿ ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.