ಹುರುಳಿ ತುಳಿದು ಡಬ್ಬಿ ಬಿಟ್ಟ ಏಳೂವರೆ ಬಸ್ಸಿಗೆ

ಸನ್ಮಾನ್ಯ ಏಳೂವರೆ ಬಸ್ಸಿನವರ ದಿವ್ಯ ಚಕ್ರಗಳ ಸನ್ನಿಧಾನಕ್ಕೆ,

ಮಾನ್ಯರೇ, ಪಾಂಡವಪುರ ತಾಲ್ಲೂಕಿನ ನಮ್ಮೂರ ಡೈರಿ ಕಟ್ಟೆಯಿಂದ, ಏಳನೇ ಕ್ಲಾಸನ್ನು ಒಂದೇ ಏಟಿಗೆ ಪಾಸು ಮಾಡಿದ ನರಸಯ್ಯನಾದ ನಾನು ತಮಗೂ ತಮ್ಮ ಸ್ಟೆಪ್ನಿಯವರಿಗೂ ಅಡ್ಡಬಿದ್ದು ಬರೆದುಕೊಳ್ಳುವುದು. ನಮ್ಮೂರಿಗೆ ಎಂಟೂಕಾಲಿಗೆ ದಯಮಾಡಿಸಿದರೂ ಏಳೂವರೆ ಬಸ್ಸೆಂಬ ಬಿರುದನ್ನು ಬಿಟ್ಟುಕೊಡದ ತಮ್ಮ ಸ್ವಾಭಿಮಾನ ದೊಡ್ಡದು.

ಸಮಾಚಾರ ಏನೆಂದರೆ, ಹಸು ಕರೆದೂ ಕರೆದೂ ನನ್ನ ಮನೆಯವಳು ಸೋಮಮ್ಮನಿಗೆ ಬೆಳಗಾದರೆ ಬೆರಳು ಮಡಚಲು ಬರುತ್ತಿಲ್ಲ. ಯುಗಾದಿಯೊಳಗೆ ಹಾಲು ಕರೆಯುವ ಮಿಷನ್ನು ತಂದು ನಿಲ್ಲಿಸುತ್ತೇನೆಂದು ಡೈರಿ ಸಾಲಿನಲ್ಲಿ ನಿಂತಿದ್ದವರೆಲ್ಲರ ಎದುರು ಹೇಳಿಬಿಟ್ಟೆ. ದುಡ್ಡು ಕೂಡಿಸಲು ಭಾನುವಾರ ಭಾನುವಾರ ಕೆ.ಆರ್.ಎಸ್.ಗೆ ಹೋಗಿ, ಕಾರಿನವರು ಕುಡಿದು ಬಿಸಾಡುವ ಅಲ್ಯೂಮಿನಿಯಂ ಡಬ್ಬಿಗಳನ್ನು ಆರಿಸಿ ಮೂಟೆ ಕಟ್ಟುತ್ತಿದ್ದೇನೆ. ಬಿಯರಿನ ವಾಸನೆಗೆ ಸೋಮಮ್ಮ ಮೊದಲ ವಾರ ನನ್ನ ಬಾಯಿಯನ್ನೂ ಮೂಸಿ ನೋಡಿದಳು. ಆದರೆ ಡಬ್ಬಿ ಚಪ್ಪಟೆಯಾಗದಿದ್ದರೆ ಮೂಟೆಯ ತುಂಬ ಗಾಳಿಯೇ. ಆ ಗಾಳಿಗೂ ತಾವು ಲಗೇಜು ಟಿಕೆಟ್ಟು ಹರಿಯುತ್ತೀರಿ. ಕಾಲಲ್ಲಿ ತುಳಿದೆ, ಮಂಡಿ ಹಿಡಿದುಕೊಂಡಿತು.

ಆಗ ತಮ್ಮ ನೆನಪಾಯಿತು. ಊರವರು ಹುರುಳಿ ಕಿತ್ತು ಟಾರು ರೋಡಿಗೆ ಹರಡಿದರೆ, ತಾವು ಮೇಲೆ ಹರಿದು ಒಕ್ಕಣೆ ಮಾಡಿಕೊಟ್ಟು ಒಂದು ಲೋಟ ಕಾಫಿಯನ್ನೂ ಕೇಳದೆ ಹೋಗುವ ಧರ್ಮಾತ್ಮರು. ಅಂಥವರು, ನಾನು ಡಬ್ಬಿಗಳನ್ನು ಸಾಲಾಗಿ ಜೋಡಿಸಿದರೆ, ಹೊಸ ಸೊಸೆ ರಂಗೋಲಿ ದಾಟುವಂತೆ ಮೆಲ್ಲಗೆ ಪಕ್ಕಕ್ಕೆ ಸರಿದು ಹೋದಿರಿ! ಸಾಲದ್ದಕ್ಕೆ ತಮ್ಮ ಕಂಡಕ್ಟರು ಬಾಗಿಲಲ್ಲಿ ಜೋತುಬಿದ್ದು, "ಯೋವ್ ದೊಡ್ಡಪ್ಪ, ಟೈರಿಗೆ ತಗಡು ಚುಚ್ಕಂಡ್ರೆ ನೀನ್ ಬಂದು ತಳ್ತೀಯಾ?" ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗಿದರು.

ತಲೆ ಇದ್ದವನು ನಾನು. ಮಾರನೆಯ ದಿನ ಡಬ್ಬಿಗಳ ಮೇಲೆ ಸೋಮಮ್ಮ ಹಸುವಿಗೆಂದು ಇಟ್ಟಿದ್ದ ಹುರುಳಿಯನ್ನು ಗಿಡಸಮೇತ ಹರಡಿ ಮುಚ್ಚಿದೆ. ತಾವು ಸಂತೋಷವಾಗಿ ಹರಿದಿರಿ. ಡಬ್ಬಿ ಹಪ್ಪಳವಾಯಿತು, ಒಪ್ಪುತ್ತೇನೆ. ಆದರೆ ತಮ್ಮ ಮುಂದಿನ ಚಕ್ರ ಉದುರಿಸಿದ ಕಾಳನ್ನೆಲ್ಲ ಹಿಂದಿನ ಚಕ್ರ ಡಬ್ಬಿಯೊಳಕ್ಕೆ ಹೂತು ಸೀಲು ಮಾಡಿತು. ಶ್ರೀರಂಗಪಟ್ಟಣದ ಗುಜರಿ ಅಂಗಡಿ ಕೃಷ್ಣ ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಏನಣ್ಣೋ, ತೂಕಕ್ಕೆ ಹುಳ್ಳಿ ತುಂಬ್ಕಂಡ್ ಬಂದಿದ್ದೀಯಲ್ಲ, ಇದುನ್ನ ಕರಗುಸ್ಲಾ, ಸಾರ್ ಮಾಡ್ಲಾ?" ಎಂದು ಮೂಟೆ ವಾಪಸು ಕೊಟ್ಟ. ಜಂಬದವನೆಂಬ ಹೆಸರು ನನಗೆ ಮೊದಲಿನಿಂದಲೂ ಇತ್ತು. ತೂಕದಲ್ಲಿ ಮೋಸ ಮಾಡಿದವನೆಂಬ ಹೆಸರು ಬಂದದ್ದು ತಮ್ಮ ಕೃಪೆ. ಮನೆಗೆ ಬಂದರೆ ಸೋಮಮ್ಮ ಹಾಲಿನ ಬಕೆಟ್ಟನ್ನು ನನ್ನ ಮುಂದೆ ಕುಕ್ಕಿ, "ಮಿಷನ್ ಬರೋಗಂಟ ನೀನೇ ಕರಿ" ಎಂದು ಹೋದಳು.

ಆದ್ದರಿಂದ ತಾವು ಪ್ರತಿ ಸೋಮವಾರ ಹುರುಳಿಯ ಮುಸುಕಿಲ್ಲದೆಯೇ ನನ್ನ ಡಬ್ಬಿಗಳ ಮೇಲೆ ಮುಂದಕ್ಕೊಮ್ಮೆ, ರಿವರ್ಸಿನಲ್ಲೊಮ್ಮೆ ಹರಿಯಬೇಕು; ಮೈಕೈ ತುಂಬಿಕೊಂಡ ಪ್ರಯಾಣಿಕರನ್ನೆಲ್ಲ ಡಬ್ಬಿ ಸಾಲಿರುವ ಎಡಗಡೆ ಸೀಟಿಗೆ ಕೂರಿಸಬೇಕು; ಮದುವೆ ದಿಬ್ಬಣದವರನ್ನು ಊಟವಾದ ಮೇಲೆಯೇ ಹತ್ತಿಸಿಕೊಳ್ಳಬೇಕು. ಪಂಚರಾದರೆ ತಳ್ಳಲು ನಾನಿದ್ದೇನೆ, ಮಂಡಿ ಬಿಟ್ಟು ಉಳಿದದ್ದೆಲ್ಲ ಗಟ್ಟಿಯಾಗಿದೆ.

ಇಂತಿ, ಹಿಂದಿನ ಚಕ್ರದ ಮೇಲೆ ಇನ್ನೂ ಭರವಸೆ ಕಳೆದುಕೊಳ್ಳದ
ತಮ್ಮ ವಿಶ್ವಾಸಿ,
ನರಸಯ್ಯ

ವಿ.ಸೂ.: ತಾವು ಅವಸರ ಮಾಡಬೇಕಾದ್ದಿಲ್ಲವೆಂದು ಸೋಮಮ್ಮನ ಅಭಿಪ್ರಾಯ. ಕರೆಯಲು ಕೂತ ನನ್ನನ್ನು ಹಸು ಒದೆಯುವುದನ್ನು ನಿಲ್ಲಿಸಿದ ದಿನ, ಅವಳು ಕಾಫಿ ಲೋಟವನ್ನು ಎರಡೂ ಅಂಗೈಯಲ್ಲಿ ಬೆಚ್ಚಗೆ ಹಿಡಿದು ಬಾಗಿಲಲ್ಲಿ ಕೂತು ಪಕ್ಕದ ಮನೆ ದ್ಯಾವಮ್ಮನಿಗೆ ಹೇಳುತ್ತಿದ್ದಳು: "ಮಿಷನ್ ಬಂದ್ಬುಡ್ತು ಕಣಕ್ಕ. ಕರೆಂಟೂ ಬ್ಯಾಡ. ಸದ್ದು ಮಾತ್ರ ವಸಿ ಜಾಸ್ತಿ."